ಬಿದ್ದವನ ಮೇಲಿನ ಗುದ್ದು

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಹನ್ನೊಂದು ವರ್ಷದಿಂದ ಕರಾಟೆ ಮಾಡುತ್ತಿದ್ದೇನೆ, ಈಗ ಭಾನುವಾರ ಬೆಳಿಗ್ಗೆ ಮಕ್ಕಳಿಗೂ ಹೇಳಿಕೊಡುತ್ತೇನೆ. ಹೊಡೆಯುವುದು ಹೇಗೆ ಅಂತ ಸಾವಿರ ಸಲ ಕೇಳಿದ್ದೆ. ಎಲ್ಲಿ ನಿಲ್ಲಿಸಬೇಕು ಅಂತ ಯಾರನ್ನೂ ಕೇಳಿರಲಿಲ್ಲ.

ಹೋದ ವರ್ಷ ಒಂದು ಸಂಜೆ, ಲೋಕಲ್‌ನಿಂದ ಇಳಿಯುವ ನೂಕುನುಗ್ಗಲಲ್ಲಿ ನನ್ನ ಬ್ಯಾಗ್ ತಾಗಿತು ಅಂತ ಒಬ್ಬ ಪ್ಲಾಟ್‌ಫಾರ್ಮ್ ಮೇಲೇ ಕಾಲರ್ ಹಿಡಿದ. ನಾನು ಯೋಚನೆ ಮಾಡುವ ಮೊದಲೇ ಕೈ ಕೆಲಸ ಮಾಡಿತ್ತು. ಮಣಿಕಟ್ಟು ತಿರುಚಿದೆ, ಅವನು ಕುಸಿದ, ನನ್ನ ಬಲಮುಷ್ಟಿ ಆಗಲೇ ಸೊಂಟದ ಹತ್ತಿರ ರೆಡಿಯಾಗಿತ್ತು. "ಬಸ್ ಬಸ್, ಛೋಡ್ ದೋ" (ಸಾಕು ಸಾಕು, ಬಿಟ್ಟುಬಿಡು) ಅಂತ ಯಾರೋ ಹಿಂದಿನಿಂದ ಭುಜ ಹಿಡಿದರು. ಅವರು ಹಿಡಿಯದಿದ್ದರೆ ಗುದ್ದುತ್ತಿದ್ದೆ, ಅದರಲ್ಲಿ ನನಗೆ ಅನುಮಾನವಿಲ್ಲ.

ಮಾಟುಂಗಾದಲ್ಲಿರುವ ಸೋದರಮಾವ ವಕೀಲರು. ಕಾಫಿ ಕುಡಿಯುತ್ತಾ ಕಥೆ ಹೇಳಿದೆ. ಅವರು ಲೋಟ ಕೆಳಗಿಟ್ಟು ಕೈ ಮುಂದೆ ಚಾಚಿ, "ತೋರಿಸು" ಅಂದರು. ಮೆಲ್ಲಗೆ ತಿರುಚಿ ತೋರಿಸಿದೆ.

"ಸರಿ, ನಾನು ಬಿದ್ದೆ. ಆಮೇಲೆ?"

"ಆಮೇಲೆ ಎದೆಗೆ ಒಂದು ಗುದ್ದು."

"ಅದು ಯಾಕೆ ಮಾರಾಯ?"

ನಮ್ಮಲ್ಲಿ ಹಾಗೇ ಕಲಿಸುತ್ತಾರೆ ಅನ್ನುವುದು ಬಿಟ್ಟರೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಆವತ್ತು ಅವರು ಹೇಳಿದ್ದು, ಆಮೇಲೆ ನಾನೇ ಓದಿಕೊಂಡಿದ್ದು ಎರಡೂ ಸೇರಿಸಿ ಹೇಳುತ್ತೇನೆ. 2024ರ ಜುಲೈ 1ರಿಂದ ಹಳೆಯ ದಂಡ ಸಂಹಿತೆ ಐಪಿಸಿ ಬದಲು ಭಾರತೀಯ ನ್ಯಾಯ ಸಂಹಿತೆ ಬಂದಿದೆ ಅಲ್ವಾ, ಮೊದಲು 96ರಿಂದ 106ರವರೆಗೆ ಇದ್ದ ಆತ್ಮರಕ್ಷಣೆಯ ಸೆಕ್ಷನ್‌ಗಳು ಈಗ 34ರಿಂದ 44. ನಮ್ಮನ್ನಷ್ಟೇ ಅಲ್ಲ, ಇನ್ನೊಬ್ಬರ ಮೈಮೇಲೆ ಬಿದ್ದವನನ್ನು ತಡೆಯುವ ಹಕ್ಕೂ ನಮಗಿದೆ. ಮೊದಲ ಏಟು ಬೀಳಲಿ ಅಂತ ಕಾಯಬೇಕಾಗಿಲ್ಲ, ಅಪಾಯದ ಭಯಕ್ಕೆ ನಿಜವಾದ ಕಾರಣವಿದ್ದರೆ ಸಾಕು. ಕೊಲ್ಲಲು ಬಂದವನು, ಅತ್ಯಾಚಾರಕ್ಕೆ ಬಂದವನು, ಆಸಿಡ್ ಎರಚಲು ಬಂದವನು, ಇಂಥವರನ್ನು ತಡೆಯುವಾಗ ಅವರ ಜೀವ ಹೋದರೂ ಹಕ್ಕಿನೊಳಗೇ ಬರುತ್ತದೆ. ಆದರೆ ಭಯ ಇರುವವರೆಗೆ ಮಾತ್ರ ಹಕ್ಕು. ಜೊತೆಗೆ, ತಪ್ಪಿಸಿಕೊಳ್ಳಲು ಎಷ್ಟು ಬೇಕೋ ಅದಕ್ಕಿಂತ ಜಾಸ್ತಿ ಪೆಟ್ಟು ಕೊಡುವಂತಿಲ್ಲ. ಕಾಲರ್ ಹಿಡಿದವನು ನೆಲದ ಮೇಲೆ ಕೈ ಹಿಡಿದುಕೊಂಡು ಒದ್ದಾಡುತ್ತಿದ್ದರೆ ನನಗೆ ಯಾವ ಭಯ? ಆ ಗುದ್ದು ಸುಮ್ನೆ ಹೊಡೆತ, ಅಷ್ಟೇ.

ನನಗೆ ನಿಜವಾಗಿ ಬೆವರು ಬಂದಿದ್ದು 116ನೇ ಸೆಕ್ಷನ್ ಓದಿದಾಗ. ಮೂಳೆ ಮುರಿದರೆ, ಕೀಲು ತಪ್ಪಿದರೆ, ಹಲ್ಲು ಮುರಿದರೆ ಅದು ತೀವ್ರ ಗಾಯ. ಬೇಕಂತಲೇ ಮಾಡಿದ್ದಾದರೆ ಏಳು ವರ್ಷದವರೆಗೆ ಜೈಲು. ಮಣಿಕಟ್ಟು, ಭುಜ, ಬೆರಳು, ಹಲ್ಲು... ನಮ್ಮ ಕ್ಲಾಸಿನಲ್ಲಿ ಗುರಿ ಇಡಲು ಹೇಳಿಕೊಡುವ ಜಾಗಗಳು ಇವೇ!

ಹಾಗಂತ ಕೋರ್ಟು ಪ್ರತಿ ಏಟನ್ನೂ ತಕ್ಕಡಿಯಲ್ಲಿಟ್ಟು ತೂಗುವುದಿಲ್ಲ. ಜೀವಭಯದಲ್ಲಿರುವವನು ಅಳೆದೂ ಸುರಿದೂ ಹೊಡೆಯಲಾರ ಅಂತ ಸುಪ್ರೀಂ ಕೋರ್ಟ್ 2010ರಲ್ಲಿ ದರ್ಶನ್ ಸಿಂಗ್ ಕೇಸಿನಲ್ಲೂ ಒಪ್ಪಿಕೊಂಡಿದೆ. (ಬ್ಲ್ಯಾಕ್ ಬೆಲ್ಟ್ ಸಿಕ್ಕಿದರೆ ಪೊಲೀಸ್ ಠಾಣೆಯಲ್ಲಿ ಕೈಯನ್ನು ಆಯುಧ ಅಂತ ರಿಜಿಸ್ಟರ್ ಮಾಡಿಸಬೇಕು ಅನ್ನುವುದು ಬರೀ ಬುರುಡೆ.) ಆದರೆ ಆತ್ಮರಕ್ಷಣೆಗೆ ಹೊಡೆದೆ ಅಂತ ತೋರಿಸಿಕೊಡುವ ಹೊರೆ ಹೊಡೆದವನದ್ದೇ, ಮತ್ತು ಪ್ಲಾಟ್‌ಫಾರ್ಮ್ ಮೇಲೆ ಹತ್ತು ಮೊಬೈಲು ಎದ್ದಿರುತ್ತವೆ. ಅವುಗಳಲ್ಲಿ ಕಾಲರ್ ಹಿಡಿದದ್ದು ಇರುವುದಿಲ್ಲ, ಗುದ್ದು ಮಾತ್ರ ಇರುತ್ತದೆ.

ಈಗ ಭಾನುವಾರದ ಕ್ಲಾಸಿನಲ್ಲಿ ಕೊನೆಯ ಗುದ್ದು ತೆಗೆದುಹಾಕಿದ್ದೇನೆ. ಕೆಡವು, ಎರಡು ಹೆಜ್ಜೆ ಹಿಂದೆ ಹೋಗು, ಜೋರಾಗಿ ಕೂಗು, ಓಡು. ಮಕ್ಕಳಿಗೆ ಕೂಗುವುದೆಂದರೆ ಹಬ್ಬ, ಕೆಳಗಿನ ಮನೆಯ ಅಜ್ಜಿ ಎರಡು ಸಲ ಬಂದು ಬೈದು ಹೋಗಿದ್ದಾರೆ. ತೊಂದರೆ ಇರುವುದು ನನ್ನದೇ. ತೋರಿಸಿಕೊಡುವಾಗ ಹಿಂದೆ ಹೋಗುತ್ತೇನೆ, ಕೂಗುತ್ತೇನೆ, ಕೆಳಗೆ ನೋಡಿದರೆ ಬಲಮುಷ್ಟಿ ಮತ್ತೆ ಸೊಂಟದ ಹತ್ತಿರವೇ ಇರುತ್ತದೆ.