ವಾಜಪೇಯಿ ನಾಣ್ಯವನ್ನು ಬೆಳಗಬಾರದೇಕೆ?

ನಮ್ಮ ಮನೆಯ ಕಪಾಟಿನಲ್ಲಿ ಅಟಲ್ ಬಿಹಾರಿ ವಾಜಪೇಯಿಯವರ ಸ್ಮರಣಾರ್ಥ ಭಾರತ ಸರ್ಕಾರ ಹೊರತಂದ 100 ರೂಪಾಯಿಯ ನಾಣ್ಯವೊಂದಿದೆ. ಕಳೆದ ದೀಪಾವಳಿಯ ಮುನ್ನಾದಿನ ಅಮ್ಮ ಬೆಳ್ಳಿಯ ದೀಪ, ಪಂಚಪಾತ್ರೆ, ಕುಂಕುಮದ ಬಟ್ಟಲುಗಳನ್ನೆಲ್ಲ ವಿಭೂತಿಯಿಂದ ತಿಕ್ಕುತ್ತ ಕುಳಿತಿದ್ದಾಗ, ತುಸು ಮಂಕಾಗಿದ್ದ ಈ ನಾಣ್ಯವನ್ನೂ ಕೈಗೆತ್ತಿಕೊಂಡರು, ನಾನು ತಡೆದೆ. ಬೆಳ್ಳಿಯೆಂದ ಮೇಲೆ ಬೆಳಗಬೇಡವೇ ಎಂಬ ಅವರ ಪ್ರಶ್ನೆಗೆ ಅಂದು ಅರೆಬರೆಯಾಗಿ ಕೊಟ್ಟ ಉತ್ತರವನ್ನು ಇಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೇನೆ.

ಇದು ಅಪ್ಪಟ ಬೆಳ್ಳಿಯಲ್ಲ. 44 ಮಿಲಿಮೀಟರ್ ವ್ಯಾಸದ, 35 ಗ್ರಾಂ ತೂಕದ ಈ ನಾಣ್ಯದಲ್ಲಿ ಬೆಳ್ಳಿ ಶೇಕಡಾ 50, ತಾಮ್ರ ಶೇಕಡಾ 40, ನಿಕಲ್ ಮತ್ತು ಸತು ತಲಾ ಶೇಕಡಾ 5. ಎಂದರೆ ಬೆಳ್ಳಿ ಹದಿನೇಳೂವರೆ ಗ್ರಾಂ ಮಾತ್ರ. ಗಾಳಿಯಲ್ಲಿರುವ ಗಂಧಕದ ಅಂಶ ತಾಗಿ ಬೆಳ್ಳಿ ಕಪ್ಪಾಗುತ್ತದೆ, ಇಷ್ಟೊಂದು ತಾಮ್ರ ಬೆರೆತಿರುವುದರಿಂದ ಬಣ್ಣ ಇನ್ನಷ್ಟು ಬೇಗ ಮಾಸುತ್ತದೆ. ಆದರೆ ಉಜ್ಜಿದರೆ ಹೋಗುವುದು ಆ ಕಪ್ಪಷ್ಟೇ ಅಲ್ಲ. ಟಂಕಸಾಲೆಯ ಅಚ್ಚು ಒತ್ತಿದಾಗ ಬಂದ ಮೂಲ ಹೊಳಪೂ, ಮುಖಚಿತ್ರದಲ್ಲಿ ಎತ್ತರವಾಗಿರುವ ಹಣೆ, ಮೂಗು, ಕೆನ್ನೆಯ ಸೂಕ್ಷ್ಮ ಗೆರೆಗಳೂ ಸವೆಯುತ್ತವೆ, ಅವು ಮತ್ತೆ ಬರುವುದಿಲ್ಲ. ಹುಣಸೆಹಣ್ಣಿನ ಹುಳಿಯಂತೂ ಬೇಡವೇ ಬೇಡ. ಉಜ್ಜಿದ ನಾಣ್ಯವನ್ನು ಸಂಗ್ರಾಹಕರು ದೂರದಿಂದಲೇ ಗುರುತಿಸುತ್ತಾರೆ, ಬೆಲೆಯನ್ನೂ ಇಳಿಸುತ್ತಾರೆ. ನನಗೆ ಮಾರುವ ಆಸೆಯಿಲ್ಲದಿದ್ದರೂ ಆ ಮುಖ ಸವೆಯುವುದು ಸಹಿಸದು.

ನಾಯಕರೊಬ್ಬರು ತೀರಿಕೊಂಡ ವರ್ಷದಲ್ಲಿಯೇ ಅವರ ನಾಣ್ಯ ಬರುವುದು ನಮ್ಮಲ್ಲಿ ಹೊಸತಲ್ಲ. 1964ರಲ್ಲಿ ನೆಹರೂ ಅವರ ನಾಣ್ಯಗಳು ಹಾಗೆಯೇ ಬಂದವು, ಅವು ನಿಕಲ್‌ನವು. ಗಾಂಧೀಜಿಯವರ ಜನ್ಮಶತಮಾನೋತ್ಸವಕ್ಕೆ 1969ರಲ್ಲಿ ಬಂದ 10 ರೂಪಾಯಿಯ ನಾಣ್ಯದಲ್ಲಿ ಶೇಕಡಾ 80ರಷ್ಟು ಬೆಳ್ಳಿಯಿತ್ತು. 15 ಗ್ರಾಂ ತೂಕದ ಆ ಪುಟ್ಟ ನಾಣ್ಯವನ್ನು ಒಮ್ಮೆ ಅಂಗೈಯಲ್ಲಿ ಹಿಡಿದು ನೋಡಿದವರಿಗೆ ಇಂದಿನ ಮಿಶ್ರಲೋಹದ ಬಣ್ಣ ಸ್ವಲ್ಪ ಪೇಲವವೆನಿಸಬಹುದು, ನನಗಂತೂ ಹಾಗೆನಿಸಿದೆ. ವಾಜಪೇಯಿಯವರು ನಿಧನರಾದದ್ದು 2018ರ ಆಗಸ್ಟ್ 16ರಂದು. ಅವರ ನಾಣ್ಯವನ್ನು ಪ್ರಧಾನಿ ನರೇಂದ್ರ ಮೋದಿಯವರು ಡಿಸೆಂಬರ್ 24ರಂದು, ಜನ್ಮದಿನಕ್ಕೆ ಒಂದು ದಿನ ಮೊದಲು, ಬಿಡುಗಡೆ ಮಾಡಿದರು. ಒಂದು ಮುಖದಲ್ಲಿ ಅಶೋಕ ಸ್ತಂಭದ ಸಿಂಹಗಳು, ಇನ್ನೊಂದರಲ್ಲಿ ಅವರ ಚಿತ್ರ, ಹೆಸರು, ಜೊತೆಗೆ 1924 ಮತ್ತು 2018 ಎಂಬ ಎರಡು ಇಸವಿಗಳು.

ಇಷ್ಟನ್ನು ಕೇಳಿದ ಮೇಲೆ ಅಮ್ಮ ಕೈ ತೊಳೆದು ಬಂದು, ನಾಣ್ಯವನ್ನು ಅಂಚಿನಲ್ಲಷ್ಟೇ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿದರು. ದೂರದರ್ಶನದಲ್ಲಿ ಕಾಣುತ್ತಿದ್ದ ಮುಖ ಹೀಗೆಯೇ ಇತ್ತೆಂದು ಹೇಳಿ, ಅದನ್ನು ಪೆಟ್ಟಿಗೆಯಲ್ಲಿಟ್ಟು ಮತ್ತೆ ದೀಪಗಳ ಕಡೆಗೆ ಹೋದರು.