‘ನಿಮಗೆ ಮಾತ್ರ ಬೇರೆ ಸಂವಿಧಾನ ಯಾಕೆ?’ ಅಂತ ಕೇಳುವವರಿಗೆ

ಬೇರೆ ಸಂವಿಧಾನ ಇಲ್ಲ. ಕಲಬುರಗಿಯವನು ಅಂತ ಗೊತ್ತಾದ ಕೂಡಲೇ ಕೇಳುತ್ತಾರೆ: ‘ಎಲ್ಲರಿಗೂ ಸಂವಿಧಾನ ಒಂದೇ ಅಲ್ವಾ, ನಿಮಗೆ ಮಾತ್ರ 371ಜೆ ಯಾಕೆ? ಇನ್ನೂ ಎಷ್ಟು ವರ್ಷ?’ 371ಜೆ ಅಂದರೆ ನಮ್ಮ ಕಲ್ಯಾಣ ಕರ್ನಾಟಕಕ್ಕೆ, ಅಂದರೆ ಹಿಂದಿನ ಹೈದರಾಬಾದ್ ಕರ್ನಾಟಕಕ್ಕೆ, ಕಾಲೇಜು ಸೀಟು ಮತ್ತು ಸರ್ಕಾರಿ ಕೆಲಸದಲ್ಲಿ ಮೀಸಲಾತಿ, ಪ್ರತ್ಯೇಕ ಅಭಿವೃದ್ಧಿ ಮಂಡಳಿಗೆ ದಾರಿ ಮಾಡಿಕೊಟ್ಟ ಸಂವಿಧಾನದ ವಿಧಿ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಇದನ್ನೇ ಓದಿ.

ನಮ್ಮಲ್ಲಿ ರಾಜ್ಯಕ್ಕೊಂದು ಸಂವಿಧಾನ ಇಲ್ಲ. ಜಮ್ಮು-ಕಾಶ್ಮೀರಕ್ಕೆ ಇತ್ತು, 2019ರಲ್ಲಿ ಅದೂ ಮುಗಿಯಿತು. ಉಳಿದವರಿಗೆಲ್ಲ ಇರುವುದು ಒಂದೇ ಪುಸ್ತಕ. ಬೇಕಾದಾಗ ಸಂಸತ್ತು ಅದನ್ನು ತಿದ್ದುತ್ತದೆ. 371ಜೆ ಕೂಡ ಹಾಗೇ, 98ನೇ ತಿದ್ದುಪಡಿಯಲ್ಲಿ ಬಂತು. 2012ರ ಡಿಸೆಂಬರಿನಲ್ಲಿ ಸಂಸತ್ತು ಒಪ್ಪಿತು, 2013ರಲ್ಲಿ ಜಾರಿಯಾಯಿತು. ಯಾರ ಮನೆಯದನ್ನೂ ಕಿತ್ತುಕೊಂಡು ತಂದದ್ದಲ್ಲ.

ಒಮ್ಮೆ ಮಗಳ ಕೌನ್ಸೆಲಿಂಗ್‌ಗೆ ಅಂತ ರೈಲಿನಲ್ಲಿ ಬೆಂಗಳೂರಿಗೆ ಹೊರಟಿದ್ದೆವು. ಎದುರು ಸೀಟಿನವರು ಒಳ್ಳೆಯ ಮನುಷ್ಯ, ಚಹಾ ಕೊಡಿಸಿದರು. ಆಮೇಲೆ ‘ನಿಮ್ಮ ಕಡೆಯವರಿಗೆ ಸುಮ್ನೆ ಸೀಟು ಸಿಗುತ್ತೆ ಅಲ್ವಾ ಸರ್?’ ಅಂದರು. ಮಗಳು ತೊಡೆಯ ಮೇಲಿದ್ದ ಫೈಲನ್ನು ಮೆಲ್ಲಗೆ ಬ್ಯಾಗಿನೊಳಗೆ ಹಾಕಿಕೊಂಡಳು. ಅದರಲ್ಲಿ ಅವಳ 371ಜೆ ಸರ್ಟಿಫಿಕೇಟ್ ಇತ್ತು. ಎರಡು ವರ್ಷ ರಾತ್ರಿ ನಿದ್ದೆಗೆಟ್ಟು ಓದಿದ ಹುಡುಗಿ ಅವಳು. ಆ ‘ಸುಮ್ನೆ’ ಅನ್ನೋ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ. ನಮ್ಮ ಭಾಗದ ಕಾಲೇಜುಗಳಲ್ಲಿ ಶೇ. 70, ಹೊರಗೆ ಶೇ. 8 ಸೀಟು. ಆ ಸೀಟಿಗೂ ನಮ್ಮ ಮಕ್ಕಳು ನಮ್ಮ ಮಕ್ಕಳ ಜೊತೆಗೇ ಮಾರ್ಕ್ಸ್ ಮೇಲೆ ಪೈಪೋಟಿ ಮಾಡಬೇಕು.

ಅವರು ಕೇಳಬೇಕಿದ್ದ ಪ್ರಶ್ನೆ ಬೇರೆ ಇತ್ತು. ಇದು ಇಷ್ಟು ತಡವಾಗಿ ಯಾಕೆ ಬಂತು?

1956ರಲ್ಲಿ ಹೈದರಾಬಾದ್ ರಾಜ್ಯವನ್ನು ಮೂರು ಪಾಲು ಮಾಡಿದರು. ತೆಲಂಗಾಣ ಆಂಧ್ರಕ್ಕೆ ಹೋಯಿತು, ಮರಾಠವಾಡಾ ಬಾಂಬೆಗೆ. ಬೀದರ್, ಗುಲ್ಬರ್ಗಾ, ರಾಯಚೂರು ಮೈಸೂರಿಗೆ ಬಂದವು. ಅದೇ ವರ್ಷದ 7ನೇ ತಿದ್ದುಪಡಿ 371ನೇ ವಿಧಿಯನ್ನು ಹೊಸದಾಗಿ ಬರೆಯಿತು. ಆಂಧ್ರದ ವಿಧಾನಸಭೆಯಲ್ಲಿ ಪ್ರಾದೇಶಿಕ ಸಮಿತಿಗೆ ಅದರಲ್ಲಿ ಜಾಗ ಸಿಕ್ಕಿತು. ಮರಾಠವಾಡಾಕ್ಕೆ ಅಭಿವೃದ್ಧಿ ಮಂಡಳಿಯ ಮಾತು ಬಂತು. ಮೂರನೇ ಪಾಲಿನ ಬಗ್ಗೆ ಒಂದಕ್ಷರ ಇರಲಿಲ್ಲ. ಒಂದೇ ಮನೆಯ ಮೂವರಲ್ಲಿ ಇಬ್ಬರಿಗೆ ಬಡಿಸಿದರು, ನಮ್ಮ ತಟ್ಟೆ ಖಾಲಿ ಉಳಿಯಿತು. ಅದಕ್ಕೆ 56 ವರ್ಷ ಕಾದೆವು. ಚಿಂಚೋಳಿಯ ವೈಜನಾಥ ಪಾಟೀಲರಂಥವರು ಅದಕ್ಕಾಗಿ ವರ್ಷಗಟ್ಟಲೆ ಬೀದಿಗಿಳಿದರು.

‘ಇನ್ನೂ ಎಷ್ಟು ವರ್ಷ’ ಅಂದಿರಲ್ಲ? ಆ ವಿಧಿಯಲ್ಲಿ ಅವಧಿ ಬರೆದಿಲ್ಲ. ರಾಜ್ಯದ ಪ್ರಾದೇಶಿಕ ಅಸಮತೋಲನ ಅಳೆದ 2002ರ ನಂಜುಂಡಪ್ಪ ಸಮಿತಿ ವರದಿಯಲ್ಲಿ ಅತ್ಯಂತ ಹಿಂದುಳಿದ ತಾಲ್ಲೂಕುಗಳು 39. ಅದರಲ್ಲಿ 21 ನಮ್ಮ ಕಲಬುರಗಿ ವಿಭಾಗದವು. ಅವು ಮೇಲೆದ್ದ ದಿನ ನಾನೇ ಬಂದು ಸಾಕು ಅನ್ನುತ್ತೇನೆ.

ಅಲ್ಲಿವರೆಗೆ ಪ್ರಶ್ನೆಯನ್ನು ನಿಮ್ಮ ಶಾಸಕರಿಗೆ ಕೇಳಿ. ಅಭಿವೃದ್ಧಿ ಮಂಡಳಿಯ ಕೆಲಸದ ವರದಿ ಪ್ರತಿ ವರ್ಷ ವಿಧಾನಸಭೆ ಮುಂದೆ ಬರಬೇಕು ಅಂತ 371ಜೆಯಲ್ಲೇ ಇದೆ. ಕಳೆದ ವರ್ಷದ್ದನ್ನು ಅವರು ಓದಿದ್ದಾರಾ?