ಮೂರು ಭಾಗದ ನೋಟ್‌ಬುಕ್

ಐದನೇ ಕ್ಲಾಸಿನಲ್ಲಿ ನಾನು ಒಳಗೆ ಕೂತದ್ದಕ್ಕಿಂತ ಬಾಗಿಲ ಹೊರಗೆ ನಿಂತದ್ದೇ ಜಾಸ್ತಿ. ಪಕ್ಕದವನ ಪುಸ್ತಕ ಎಳೆಯುತ್ತಿದ್ದೆ, ಡೆಸ್ಕ್ ಬಡಿಯುತ್ತಿದ್ದೆ. ಒಂದು ಸಲ ಸಿಟ್ಟಿನಲ್ಲಿ ಜಾಮಿಟ್ರಿ ಬಾಕ್ಸ್ ಎಸೆದು ಒಬ್ಬ ಹುಡುಗಿಯ ಹಣೆಗೆ ಗಾಯ ಮಾಡಿದ್ದೆ. ಅದು ನೆನಪಾದರೆ ಇವತ್ತಿಗೂ ಸಂಕಟವಾಗುತ್ತದೆ. 'ಇವನು ಸರಿಹೋಗೋ ಪೈಕಿ ಅಲ್ಲ' ಎಂದು ದೊಡ್ಡವರು ನನ್ನೆದುರೇ ಮಾತಾಡಿಕೊಳ್ಳುತ್ತಿದ್ದರು. ನಾನೂ ಅದನ್ನೇ ನಂಬಿಬಿಟ್ಟಿದ್ದೆ.

ಆ ವರ್ಷದ ನಡುವೆ ಭಾಷಾ ಪಾಠಕ್ಕೆ ಹೊಸ ಟೀಚರ್ ಬಂದರು. ಎರಡು ವಾರ ನನ್ನನ್ನು ಬೈಯಲೂ ಇಲ್ಲ, ಬುದ್ಧಿ ಹೇಳಲೂ ಇಲ್ಲ. ಚಿಕ್ಕ ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಳ್ಳುತ್ತಿದ್ದರು. ಒಂದು ಸಂಜೆ ಎಲ್ಲರೂ ಹೋದ ಮೇಲೆ ಅದನ್ನು ನನ್ನ ಮುಂದೆ ತೆರೆದಿಟ್ಟರು. ಪೆನ್ಸಿಲ್ ಗೆರೆ ಎಳೆದು ಮೂರು ಭಾಗ ಮಾಡಿದ್ದರು: ಗಲಾಟೆಗೆ ಮುಂಚೆ ಏನು ನಡೆಯಿತು, ನಾನು ಏನು ಮಾಡಿದೆ, ಆಮೇಲೆ ಏನಾಯಿತು. ನಡುವಿನ ಭಾಗದಲ್ಲಿ ದಿನಕ್ಕೊಂದು ತರಲೆ. ಮೊದಲನೆಯದರಲ್ಲಿ ಮಾತ್ರ ಸಾಲುಸಾಲಾಗಿ ಒಂದೇ ಮಾತು: 'ಗಟ್ಟಿಯಾಗಿ ಓದುವ ಸರದಿ ಹತ್ತಿರ ಬಂತು.' ಕೊನೆಯದರಲ್ಲೂ ಒಂದೇ: 'ಹೊರಗೆ ಕಳಿಸಿದೆ.'

'ಓದೋಕೆ ಭಯಾನಾ ಮಗು?' ಅಂದರು. ನನಗೆ ಅಳು ಬಂತು. ಅಕ್ಷರ ಕೂಡಿಸುವಷ್ಟರಲ್ಲಿ ಹಿಂದಿನ ಬೆಂಚಿನಿಂದ ನಗು ಕೇಳಿಸುತ್ತಿತ್ತು. ಅದಕ್ಕಿಂತ ಹೊರಗೆ ನಿಲ್ಲುವುದೇ ವಾಸಿ ಅಲ್ವಾ? ಶಿಕ್ಷೆ ಎಂದು ಕೊಡುತ್ತಿದ್ದದ್ದೇ ನನಗೆ ಬಿಡುಗಡೆಯಾಗಿತ್ತು. ಆ ಪುಟ ನೋಡುವ ತನಕ ನನಗೂ ಇದು ಹೊಳೆದಿರಲಿಲ್ಲ.

ಅಲ್ಲಿಂದ ನಾಳೆ ಓದುವ ನಾಲ್ಕು ಸಾಲನ್ನು ಇವತ್ತೇ ನನಗೆ ತೋರಿಸುತ್ತಿದ್ದರು. ತಲೆ ಬಿಸಿಯಾದರೆ ರಬ್ಬರನ್ನು ಡೆಸ್ಕಿನ ಅಂಚಿಗೆ ಇಡಬೇಕು. ಅವರು ಸುಮ್ನೆ ತಲೆಯಾಡಿಸುತ್ತಿದ್ದರು, ನಾನು ನೀರು ಕುಡಿದು ಬರುತ್ತಿದ್ದೆ. ಬಂದ ಮೇಲೆ ಆ ನಾಲ್ಕು ಸಾಲು ಓದಲೇಬೇಕು. ಅದರಲ್ಲಿ ವಿನಾಯಿತಿ ಇರಲಿಲ್ಲ. ಗಾಯವಾದ ಹುಡುಗಿಯ ಹತ್ತಿರ ಕ್ಷಮೆ ಕೇಳುವುದರಲ್ಲೂ ಇರಲಿಲ್ಲ.

ಮೊದಲ ವಾರ ನನ್ನ ಗಲಾಟೆ ಇನ್ನೂ ಹೆಚ್ಚಾಯಿತು. ಮುಚ್ಚಿದ ಬಾಗಿಲನ್ನು ಮಕ್ಕಳು ಮೊದಲಿಗಿಂತ ಜೋರಾಗಿ ಬಡಿದು ನೋಡುತ್ತಾರೆ ಎಂಬುದನ್ನು ನಾನೇ ಮೇಷ್ಟ್ರಾದ ಮೇಲೆ ಎಷ್ಟೋ ಸಲ ಕಂಡಿದ್ದೇನೆ. ಎಷ್ಟೋ ಜನ ಕೈಬಿಡುವುದು ಆ ವಾರದಲ್ಲೇ. ನನ್ನ ಟೀಚರ್ ಬಿಡಲಿಲ್ಲ.

ಈಗ ನನ್ನ ಕ್ಲಾಸಿನಲ್ಲೂ ಅಂಥ ಮಕ್ಕಳಿದ್ದಾರೆ. ಒಬ್ಬನಿಗೆ ನಿದ್ದೆ ಸಾಲುವುದಿಲ್ಲ, ಒಬ್ಬಳಿಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲ. ಸ್ವಲ್ಪ ಚಡಪಡಿಸಿದರೆ ಸಾಕು, 'ಎಡಿಎಚ್‌ಡಿ (ಗಮನ ಒಂದು ಕಡೆ ನಿಲ್ಲದ, ಅತಿಯಾಗಿ ಚಡಪಡಿಸುವ ತೊಂದರೆ) ಇರಬೇಕು' ಎಂದು ಸ್ಟಾಫ್ ರೂಮಿನಲ್ಲೇ ತೀರ್ಮಾನವಾಗಿಬಿಡುತ್ತದೆ. ಇದು ನನಗೆ ತುಂಬ ನೋವಿನ ವಿಷಯ. ಆ ಹೆಸರು ಅಮೆರಿಕದ ಮನೋವೈದ್ಯರ ಕೈಪಿಡಿಗೆ ಬಂದದ್ದು 1987ರಲ್ಲಿ. ಅದರ 2013ರ ಆವೃತ್ತಿಯ ಪ್ರಕಾರ ಲಕ್ಷಣಗಳು 12 ವರ್ಷಕ್ಕೆ ಮುಂಚೆಯೇ ಶುರುವಾಗಿರಬೇಕು, ಮನೆ, ಶಾಲೆ ಹೀಗೆ ಎರಡು ಕಡೆಯಾದರೂ ಕಾಣಬೇಕು. ಒಂದು ಪೀರಿಯಡ್ಡಿನ ಗಲಾಟೆ ನೋಡಿ ಹೇಳುವಂಥದ್ದಲ್ಲ. ಹೇಳಬೇಕಾದವರು ತಜ್ಞರು. ಮೇಷ್ಟ್ರು ಮಾಡಬಹುದಾದದ್ದು, ಗಮನಿಸಿ ಬರೆದಿಡುವುದು.

ನಾನು ಬೇರೆ ಊರಿಗೆ ಹೊರಟಾಗ ಟೀಚರ್ ಆ ನೋಟ್‌ಬುಕ್ಕಿನ ಒಂದು ಹಾಳೆ ಹರಿದು ಕೊಟ್ಟರು. ಇನ್ನೂ ನನ್ನ ಹತ್ತಿರ ಇದೆ. ಮೊದಲ ಭಾಗದಲ್ಲಿ 'ಓದುವ ಸರದಿ ಬಂತು' ಎಂದಿದೆ. ನಡುವೆ, 'ಓದಿದ.' ಕೊನೆಯಲ್ಲಿ, 'ಪಕ್ಕದವನು ಮುಂದಿನ ಸಾಲು ಓದಿದ.'